ಎರಡನೆಯ ವರ್ಷದ ಹಾಸ್ಟೆಲ್ ಕೋಣೆ

ಮೊದಲ ವರ್ಷದಲ್ಲಿ ಹಾಸ್ಟೆಲ್ ಸಿಕ್ಕಿದರೆ ಕೋರ್ಸ್ ಮುಗಿಯುವವರೆಗೂ ಆ ಕೋಣೆ ನಮ್ಮದೇ ಎಂದು ನಾನು ನಂಬಿದ್ದೆ. ಆದರೆ ನವೀಕರಣ ಅರ್ಜಿ, ಅಂಕಪಟ್ಟಿ ಮತ್ತು ಹೊಸ ಶುಲ್ಕದ ರಸೀದಿಯನ್ನು ವಾರ್ಡನ್‌ಗೆ ಒಪ್ಪಿಸುವವರೆಗೆ ಹಳೆಯ ಕೋಣೆಯ ಬೀಗದ ಕೈಯೂ ಸಿಗುವುದಿಲ್ಲವೆಂದು ಎರಡನೆಯ ವರ್ಷದ ಆರಂಭದಲ್ಲಿ ತಿಳಿಯಿತು. ಆ ಸಲ ಫಲಿತಾಂಶ ತಡವಾಗಿದ್ದರಿಂದ, ಟ್ರಂಕನ್ನು ಗೆಳತಿಯ ಬಾಡಿಗೆ ಮನೆಯಲ್ಲಿಟ್ಟು, ಮೂರು ವಾರ ಊರಿನಿಂದಲೇ ಬಸ್ಸಿನಲ್ಲಿ ಓಡಾಡಿದೆ.

ಆದ್ದರಿಂದ ಕಿರಿಯರಿಗೆ ನನ್ನ ಕೋರಿಕೆ: ಆದಾಯ ಮತ್ತು ಜಾತಿ ಪ್ರಮಾಣಪತ್ರಗಳ ಅವಧಿಯನ್ನು ರಜೆಯಲ್ಲೇ ಪರಿಶೀಲಿಸಿ, ಅಗತ್ಯವಿದ್ದರೆ ನಾಡಕಚೇರಿಯಲ್ಲಿ ಹೊಸದನ್ನು ಮಾಡಿಸಿಕೊಳ್ಳಿ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಕರ್ನಾಟಕದಲ್ಲಿ ವಿದ್ಯಾಸಿರಿ ಯೋಜನೆಯ ಊಟ-ವಸತಿ ನೆರವಿದೆ. ಆರಂಭದಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ನಿಗದಿಯಾಗಿತ್ತು, ಬೆಂಗಳೂರಿನ ಪಿ.ಜಿ. ಬಾಡಿಗೆಯ ಮುಂದೆ ಅಂಥ ಮೊತ್ತ ಏನೇನೂ ಸಾಲದು, ಹಾಸ್ಟೆಲುಗಳೇ ಹೆಚ್ಚಬೇಕು.