ಇಸ್ಲಾಂ ಮತ್ತು ಸಮಾಜ: ಪುಸ್ತಕ ಕೊಳ್ಳುವ ಮುನ್ನ ಯಾವ ಪುಟ ತೆರೆಯಬೇಕು?

‘ಇಸ್ಲಾಂ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹೇಳಿ’ ಎಂದು ಕೇಳುವವರಿಗೆ ತಿಳಿಯಬೇಕಿರುವುದು ಧರ್ಮಗ್ರಂಥವೋ, ಕಾನೂನೋ, ಇಲ್ಲಿನ ಮುಸ್ಲಿಮರ ಬದುಕೋ? ಇದು ಮೊದಲು ಇತ್ಯರ್ಥವಾಗಬೇಕು. ಕುರ್‌ಆನ್ ಅನುವಾದ ಎಷ್ಟು ಸಲ ಓದಿದರೂ ಭಟ್ಕಳದ ನವಾಯತರ ಮನೆ ಹೇಗಿರುತ್ತದೆ, ಪಿಂಜಾರರ ಕಸುಬು ಏನಾಯಿತು ಎಂಬುದು ಅದರಲ್ಲಿ ಸಿಗುವುದಿಲ್ಲ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಒಂದಿದೆ. ಯುದ್ಧ, ಹಿಂಸೆ ಕುರಿತ ಅಧ್ಯಾಯ ತೆಗೆದು 2:191 (ಕುರ್‌ಆನಿನ 2ನೇ ಅಧ್ಯಾಯದ 191ನೇ ವಚನ) ಹುಡುಕಿ. ‘ಕಂಡಲ್ಲಿ ಕೊಲ್ಲಿ’ ಎಂದು ಎತ್ತಿ ತೋರಿಸುವ ವಚನ ಅದು. ಅದರ ಹಿಂದಿನ 190ರಲ್ಲಿ, ನಿಮ್ಮೊಡನೆ ಹೋರಾಡುವವರೊಡನೆ ಹೋರಾಡಿ, ಆದರೆ ಮಿತಿ ಮೀರಬೇಡಿ ಎಂದಿದೆ. 192ರಲ್ಲಿ ಅವರು ನಿಲ್ಲಿಸಿದರೆ ದೇವರು ಕ್ಷಮಾಶೀಲ ಎಂದಿದೆ. ಇವೆರಡರ ಸುದ್ದಿಯೇ ಇಲ್ಲದಿದ್ದರೆ ಪುಸ್ತಕ ಕೆಳಗಿಡಿ. ಹೊಗಳುವ ಪುಸ್ತಕಕ್ಕೂ ಇದೇ ಅಳತೆ ಹಿಡಿಯಬೇಕು. ‘ಒಬ್ಬನನ್ನು ಕೊಂದರೆ ಇಡೀ ಮನುಕುಲವನ್ನೇ ಕೊಂದಂತೆ’ ಎಂಬುದು 5:32ರ ತುಂಡು. ಆ ವಚನ ಇಸ್ರಾಯೇಲ್ ಸಂತತಿಗೆ ವಿಧಿಸಿದ್ದು ಎಂದು ಶುರುವಾಗುತ್ತದೆ, ನಡುವೆ ವಿನಾಯಿತಿಗಳಿವೆ, ಮುಂದಿನ 33ರಲ್ಲಿ ಕಠಿಣ ಶಿಕ್ಷೆಗಳು ಬರುತ್ತವೆ. ಅದನ್ನೂ ಹೇಳಿ ಚರ್ಚಿಸುವವರೇ ನಂಬತಕ್ಕ ಲೇಖಕರು. ಹಳೆಯ ಯುರೋಪಿಯನ್ ಪುಸ್ತಕಗಳಲ್ಲಿ ವಚನದ ಸಂಖ್ಯೆ ಕೆಲವು ಅಂಕಿ ಆಚೀಚೆ ಇದ್ದರೆ ಅದನ್ನು ತಪ್ಪೆನ್ನಬೇಡಿ. ಅವು ಜರ್ಮನ್ ವಿದ್ವಾಂಸ ಫ್ಲೂಗೆಲ್ 1834ರಲ್ಲಿ ತಂದ ಕುರ್‌ಆನ್ ಆವೃತ್ತಿಯ ಎಣಿಕೆ ಹಿಡಿದವು, ಈಗಿನದು 1924ರ ಕೈರೋ ಮುದ್ರಣದ್ದು.

ಕಾನೂನಿನ ಪುಸ್ತಕದಲ್ಲಿ ಮುಖಪುಟ ನೋಡಿ ಮೋಸ ಹೋಗುವವರು ಬಹಳ. ಹೊಸ ಹೊದಿಕೆ ಹಾಕಿದ ಹಳೆಯ ಮರುಮುದ್ರಣ ಇರಬಹುದು. ಪರಿಷ್ಕೃತ ಆವೃತ್ತಿಯ ವರ್ಷ ನೋಡಿ. ತಲಾಖ್ ಅಧ್ಯಾಯದಲ್ಲಿ ವಿಚ್ಛೇದಿತೆಯ ಜೀವನಾಂಶ ಕುರಿತ ಶಾಬಾನೊ ತೀರ್ಪು (1985), ಅದೇ ವಿಷಯದ 1986ರ ಕಾಯ್ದೆ, ಅದನ್ನು ಅರ್ಥೈಸಿದ 2001ರ ಡ್ಯಾನಿಯಲ್ ಲತೀಫಿ ತೀರ್ಪು, ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿದ 2017ರ ಶಾಯರಾ ಬಾನೊ ತೀರ್ಪು, ಅದನ್ನು ಅಪರಾಧವಾಗಿಸಿದ 2019ರ ಕಾಯ್ದೆ ಎಲ್ಲವೂ ಇರಬೇಕು. ಇನ್ನೊಂದು ತೊಡಕಿದೆ: ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿ ಪಂಥದವರು, ಒಳನಾಡಿನವರು ಹೆಚ್ಚಾಗಿ ಹನಫಿಗಳು. ಇವೆರಡೂ ಇಸ್ಲಾಮಿನ ಬೇರೆ ಬೇರೆ ಕಾನೂನು ಪಂಥಗಳು. ಹನಫಿ ನಿಯಮವನ್ನೇ ‘ಇಸ್ಲಾಮಿನ ನಿಯಮ’ ಎಂದು ಬರೆದ ಪುಸ್ತಕ ಮಂಗಳೂರಿನ ಓದುಗರನ್ನು ದಾರಿ ತಪ್ಪಿಸುತ್ತದೆ.

ಬದುಕಿನ ಬಗ್ಗೆ ಬೇಕಾದರೆ ಇಮ್ತಿಯಾಜ್ ಅಹ್ಮದ್ ಸಂಪಾದಿಸಿದ, ಭಾರತದ ಮುಸ್ಲಿಮರ ಜಾತಿ ಶ್ರೇಣಿ ಕುರಿತ 1973ರ ಪ್ರಬಂಧ ಸಂಕಲನದಿಂದ ಶುರುಮಾಡಿ. ಮುಸ್ಲಿಮರ ಸಾಮಾಜಿಕ, ಆರ್ಥಿಕ ಸ್ಥಿತಿ ಕುರಿತ ಸರ್ಕಾರಿ ಸಮಿತಿಯ ಸಾಚಾರ್ ವರದಿಯಲ್ಲಿ (2006) ಅಂಕಿಅಂಶಗಳಿವೆ. ಜನಸಂಖ್ಯೆಯ ಲೆಕ್ಕ 2001ರ ಜನಗಣತಿಯದು, ಇಂದಿನದೆಂದು ಉಲ್ಲೇಖಿಸಬೇಡಿ.

ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಲ್ಲಿ ಬಿಡುವಂತಿಲ್ಲ. ಹೆಂಗಸರು ಬೀಸುಕಲ್ಲು ತಿರುಗಿಸುತ್ತ, ನೂಲು ತೆಗೆಯುತ್ತ ಹಾಡಿದ ದಖನಿ ಚಕ್ಕಿನಾಮಾ, ಚರಖಾನಾಮಾಗಳನ್ನು ಅವರು ಆಕರವಾಗಿ ಬಳಸಿದ್ದಾರೆ. ಧರ್ಮ ಅಡುಗೆಮನೆಯವರೆಗೆ ಹೇಗೆ ನಡೆದು ಬಂತು ಎಂಬುದು ಅಲ್ಲಿ ಕಾಣುತ್ತದೆ. ಜೊತೆಗೆ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಇಟ್ಟುಕೊಂಡರೆ, ದರ್ಗಾಗಳನ್ನು ಕನ್ನಡದ ಕಣ್ಣಿನಿಂದಲೂ ನೋಡಿದಂತಾಗುತ್ತದೆ.

ಸಾರಾ ಅಬೂಬಕ್ಕರ್ ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಓದಲೇಬೇಕು, ಆದರೆ ಕಾನೂನಿನ ಪುಸ್ತಕದ ಬದಲಿಗೆ ಅಲ್ಲ. ಕಾಯ್ದೆಯ ಇತಿಹಾಸ ತಿಳಿದ ಮೇಲೆ ಕೈಗೆತ್ತಿಕೊಂಡರೆ, ಕಥಾನಾಯಕಿ ನಾದಿರಾಳ ಸಂಕಟದಲ್ಲಿ ಶಾಸ್ತ್ರದ ಪಾಲೆಷ್ಟು, ಅಪ್ಪನ ಹಠದ ಪಾಲೆಷ್ಟು ಎಂದು ಬಿಡಿಸಿ ನೋಡಬಹುದು.