ಸಾಲ ಕೊಟ್ಟವನು ಪಂಚಾಯ್ತಿಗೆ ಕೂರಬಾರದು

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೂರು ತಲೆಮಾರಿನ ಮಂಡಿ. ತಾತ ಶುರು ಮಾಡಿದ್ದು, ಮಗ ಬೆಳೆಸಿದ್ದು, ಈಗ ಮೊಮ್ಮಗ ನೋಡಿಕೊಳ್ಳುತ್ತಿದ್ದಾನೆ. ನಾನು ಕೆಲಸ ಕಲಿತಿದ್ದು ಆ ನಡುವಿನವರ ಹತ್ತಿರ. ಊರೆಲ್ಲಾ ಅವರನ್ನು ಸಾಹುಕಾರ್ರು ಅನ್ನುತ್ತಿತ್ತು. ಇಲ್ಲೂ ಹಾಗೇ ಇರಲಿ, ಹೆಸರು ಬೇಡ. ಮಂಡಿಯ ಜೊತೆಗೆ ಜಾತ್ರೆ ಸಮಿತಿ, ಹುಡುಗರ ಹಾಸ್ಟೆಲ್ಲು, ಎಪಿಎಂಸಿಯಲ್ಲಿ ವರ್ತಕರ ಕಡೆಯಿಂದ ಸದಸ್ಯ, ಎಲ್ಲಾ ಅವರ ತಲೆ ಮೇಲಿತ್ತು. ನಮ್ಮಂಥ ಊರಲ್ಲಿ ಅಂಗಡಿ ನೆಟ್ಟಗೆ ನಡೆಸುವವನ ಹೆಗಲಿಗೆ ಊರಿನ ಕೆಲಸ ತಾನಾಗಿಯೇ ಬಂದು ಬೀಳುತ್ತೆ. ಬಿದ್ದ ಮೇಲೆ ಅಂಗಡಿ ಯಾವುದು, ಊರು ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಅದನ್ನು ಅವರು ಹೇಗೆ ಮಾಡುತ್ತಿದ್ದರು ಅಂತ ಬರೆಯೋಣ ಅನಿಸಿತು.

ಮೊದಲು ಮಂಡಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮದು ದಲಾಲಿ ಅಂಗಡಿ, ರೈತನ ಮಾಲನ್ನು ಕೊಳ್ಳುವವರಿಗೆ ಮಾರಿಸಿ ಕಮಿಷನ್ ತಗೊಳ್ಳುತ್ತೇವೆ. ಇಲ್ಲಿಗೆ ಬರುವುದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲಾ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ತೆಗೆಯಬೇಕು. ಅಂದರೆ ರೈತನ ದುಡ್ಡು ವರ್ಷವೆಲ್ಲಾ ಅಟ್ಟದ ಮೇಲೆ ಕೂತಿರುತ್ತೆ. ಅಷ್ಟರೊಳಗೆ ಮಗಳ ಮದುವೆ ಬರುತ್ತೆ, ಬೋರ್‌ವೆಲ್ ಬತ್ತುತ್ತೆ, ಕಾಲೇಜಿನ ಫೀಸು ಕಟ್ಟಬೇಕಾಗುತ್ತೆ. ಆಗ ರೈತ ಮಂಡಿಗೆ ಬಂದು ಮುಂಗಡ ಕೇಳುತ್ತಾನೆ. ಬರೆದಿಟ್ಟುಕೊಂಡು ಕೊಡುತ್ತೇವೆ. ಕೊಬ್ಬರಿ ಬಂದಾಗ ಟೆಂಡರಿನಲ್ಲಿ ಬೆಲೆ ಕೂಗಿಸಿ, ತಕ್‌ಪಟ್ಟಿ ಅಂದರೆ ಮಾರಾಟದ ಲೆಕ್ಕದ ಚೀಟಿ ಬರೆದು, ಮುಂಗಡ ಮುರಿದುಕೊಂಡು ಉಳಿದದ್ದು ಅವನ ಕೈಗೆ. ಕಾಯ್ದೆ ಪ್ರಕಾರ ನಮ್ಮ ಕಮಿಷನ್ ಕೊಡಬೇಕಾದ್ದು ಕೊಳ್ಳುವವನು, ರೈತ ಅಲ್ಲ. ಆದರೂ ರೈತ ನಮ್ಮ ಮಂಡಿಗೇ ಯಾಕೆ ಬರುತ್ತಾನೆ? ಮುಂಗಡದ ಸಲುವಾಗಿ. ಮುಚ್ಚುಮರೆ ಏನೂ ಇಲ್ಲ.

ಹಾಗಾಗಿ ಸಾಹುಕಾರ್ರು ಊರಿನ ಮುಖಂಡರೂ ಹೌದು, ಅರ್ಧ ಊರಿಗೆ ಸಾಲ ಕೊಟ್ಟವರೂ ಹೌದು. ಈ ಎರಡು ಸೇರಿದರೆ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಲ ಅಣ್ಣ ತಮ್ಮ ಇಬ್ಬರು ತೋಟ ಪಾಲು ಮಾಡಿಸಿಕೊಳ್ಳಲು ಮಂಡಿಗೆ ಬಂದರು. ತುರುವೇಕೆರೆ ಕಡೆಯವರು. ತೋಟದ ಲೆಕ್ಕ ಸುಲಭವಾಗಿ ಆಗಿತ್ತು. ಜಗಳ ಇದ್ದದ್ದು ಬೋರ್‌ವೆಲ್ ಯಾರ ಕಡೆಗೆ ಬರಬೇಕು ಅನ್ನೋದರಲ್ಲಿ. "ನೀವು ಹೇಳಿದಂಗೆ ಕೇಳ್ತೀವಿ ಸಾಹುಕಾರ್ರೆ" ಅಂತ ಇಬ್ಬರೂ ಕೈ ಮುಗಿದು ಕೂತರು. ಸಾಹುಕಾರ್ರು ನನ್ನ ಕಡೆ ತಿರುಗಿ, "ಇವರ ಖಾತೆ ತೆಗಿಯಪ್ಪ" ಅಂದರು. ತೆಗೆದೆ. ಅಣ್ಣನ ಹೆಸರಲ್ಲಿ ದೊಡ್ಡ ಬಾಕಿ ಇತ್ತು. ತಮ್ಮನದು ಚುಕ್ತಾ. ಪುಸ್ತಕವನ್ನು ಇಬ್ಬರ ಮುಂದೆಯೂ ತಿರುಗಿಸಿ ಇಟ್ಟರು.

"ನೋಡ್ರಪ್ಪ, ನಾನು ಇದಕ್ಕೆ ಕೂರಲ್ಲ. ದೊಡ್ಡೋನು ನನಗೆ ಕೊಡಬೇಕು. ಬೋರ್‌ವೆಲ್ಲು ಅವನ ಕಡೆ ಹೋದ್ರೆ ನನ್ನ ದುಡ್ಡು ಬೇಗ ಬರುತ್ತೆ. ಇದು ನನಗೂ ಗೊತ್ತು, ನಿಮಗೂ ಗೊತ್ತು. ನಾಳೆ ನಾನು ಏನು ಹೇಳಿದ್ರೂ ಚಿಕ್ಕೋನು ಮನೆಗೆ ಹೋಗಿ ಏನಂತಾನೆ?"

ಚಿಕ್ಕವನು ತಲೆ ಎತ್ತಲಿಲ್ಲ. ಅವನ ಮನಸ್ಸಿನಲ್ಲಿ ಅದೇ ಇತ್ತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ದೊಡ್ಡವನಿಗೆ ಸಿಟ್ಟು ಬಂತು. ಸಾಲದ ವಿಷಯ ತಮ್ಮನ ಮುಂದೆ ತೆಗೆದಿರಲ್ಲ ಅಂತ. ಅದರಲ್ಲಿ ನ್ಯಾಯ ಇಲ್ಲದಿಲ್ಲ. ಒಬ್ಬರ ಖಾತೆ ಇನ್ನೊಬ್ಬರಿಗೆ ತೋರಿಸಬಾರದು, ಅದು ನನ್ನ ಕೆಲಸದ ಮೊದಲ ಪಾಠ. ಬಾಯಲ್ಲೇ "ಆಗಲ್ಲ" ಅಂದಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಅನಿಸುತ್ತೆ. ಆದರೆ ಅವರು ಅಂದುಕೊಂಡದ್ದೇ ಬೇರೆ: ಕಾರಣ ಹೇಳದೆ ಕಳಿಸಿದರೆ ಸಾಹುಕಾರ್ರು ಯಾರ ಕಡೆಗೋ ವಾಲಿದ್ದಾರೆ ಅಂತ ಮಾತು ಹುಟ್ಟುತ್ತೆ. ಕೊನೆಗೆ ಇಬ್ಬರನ್ನೂ ರಿಟೈರ್ ಆದ ಮೇಷ್ಟ್ರೊಬ್ಬರ ಹತ್ತಿರ ಕಳಿಸಿದರು. ಮೇಷ್ಟ್ರಿಗೆ ಕೊಬ್ಬರಿಯೂ ಇರಲಿಲ್ಲ, ಕೊಟ್ಟ ಸಾಲವೂ ಇರಲಿಲ್ಲ. ಬೋರ್‌ವೆಲ್ಲಿಗೆ ಸರದಿ ಮಾಡಿ ಕೊಟ್ಟರಂತೆ.

ವಂತಿಗೆ ಎತ್ತುವಾಗಲೂ ಇದೇ ಲೆಕ್ಕ. ಜಾತ್ರೆ ಹತ್ತಿರ ಬಂದರೆ ಸಮಿತಿಯವರು ಮನೆ ಮನೆಗೆ ಹೋಗುತ್ತಾರೆ. ಮುಂಗಡ ಬಾಕಿ ಇರುವವರ ಮನೆಗೆ ಮಾತ್ರ ಸಾಹುಕಾರ್ರು ಹೋಗುತ್ತಿರಲಿಲ್ಲ. ಹೊರಡುವ ಮುಂಚೆ ನನ್ನಿಂದ ಹೆಸರು ಕೇಳಿ, ಆ ಬೀದಿಗಳಿಗೆ ಬೇರೆಯವರನ್ನು ಕಳಿಸುತ್ತಿದ್ದರು. "ನಾನು ಬಾಗಿಲಲ್ಲಿ ನಿಂತ್ರೆ ಅವನು ಇಲ್ಲ ಅನ್ನೋಕಾಗುತ್ತೇನಯ್ಯ? ಅದು ವಂತಿಗೆ ಅಲ್ಲ, ವಸೂಲಿ." ರಸೀದಿ ಪುಸ್ತಕ ಬೇರೆ, ಪೆಟ್ಟಿಗೆ ಬೇರೆ, ಅದರ ಬೀಗದ ಕೈ ಇನ್ನೊಬ್ಬರ ಹತ್ತಿರ. ಟೆಂಡರ್ ದಿನ ರೈತರಿಗೆ ಕೊಡಲು ನಗದು ಕಮ್ಮಿ ಬಿದ್ದು, ಬ್ಯಾಂಕಿಗೆ ಹುಡುಗ ಓಡಿದ್ದು ಎಷ್ಟೋ ಸಲ. ಜಾತ್ರೆಯ ಪೆಟ್ಟಿಗೆ ಅದೇ ಕೋಣೆಯಲ್ಲಿ ಇರುತ್ತಿತ್ತು. ಒಂದು ಗಂಟೆಗೆ ತೆಗೆದು ಸಂಜೆಗೆ ಇಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಮುಟ್ಟಿದ್ದು ನಾನು ನೋಡಿಲ್ಲ.

ಹಾಗಂತ ದೇವರಂಥ ಮನುಷ್ಯ ಅಂತ ನಾನು ಹೇಳಲ್ಲ. ಶಾಲು, ಹಾರ ಅಂದರೆ ಅವರಿಗೆ ಆಸೆ. ಕರಪತ್ರದಲ್ಲಿ ಹೆಸರು ಎರಡನೇ ಸಾಲಿಗೆ ಹೋದರೆ ಎರಡು ದಿನ ಮುಖ ಗಂಟು. ಸಭೆ ಅಂತ ಹೊರಟರೆ ಮಂಡಿ ನೆನಪಿರುತ್ತಿರಲಿಲ್ಲ. ಯಾರಿಗೋ ಮುಂಗಡ ಕೊಡಬೇಕೋ ಬೇಡವೋ ಅನ್ನೋದು ಸಾಹುಕಾರ್ರು ಬರುವ ತನಕ ನಿಲ್ಲುತ್ತಿತ್ತು. ದೂರದ ಊರಿಂದ ಬಂದವರು ಬೆಂಚಿನ ಮೇಲೆ ಕಾಯುವುದು, ನಾನು ಕಾಫಿ ತರಿಸುವುದು. ಕಡೆಗೆ ನಾನೇ ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಂಡೆ. ಇಷ್ಟರೊಳಗಿನ ಮುಂಗಡ ನಾನು ಕೊಡಬಹುದು, ಅದಕ್ಕೂ ಮೇಲೆ ಅವರನ್ನು ಕೇಳಬೇಕು, ಟೆಂಡರ್ ಆದ ಮಾಲಿನ ದುಡ್ಡು ಮಾತ್ರ ಯಾರನ್ನೂ ಕೇಳದೆ ಅವತ್ತೇ ಕೊಡಬೇಕು. ನಮ್ಮ ಥರದ ಮನೆ ವ್ಯಾಪಾರದಲ್ಲಿ ಕೆಲಸ ಮಾಡುವವರು ಇದೊಂದನ್ನು ಮಾಡಿಸಿಕೊಳ್ಳಿ. ಯಜಮಾನರು ಊರಿನ ಕೆಲಸ ಬಿಡಲ್ಲ. ನಿಮ್ಮ ಕೈಯಲ್ಲಿ ಎಷ್ಟಿದೆ ಅನ್ನೋದಾದರೂ ಬರಹದಲ್ಲಿ ಇರಲಿ.

2023 ಬಂತು. ಕೇಂದ್ರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ನಡೆಯುತ್ತಿದ್ದದ್ದು 9,000ಕ್ಕೂ ಕೆಳಗೆ. ಬೆಂಬಲ ಬೆಲೆಗೆ ಸರ್ಕಾರದ ಪರವಾಗಿ ಕೊಳ್ಳುವ ನಾಫೆಡ್ ಖರೀದಿ ಕೇಂದ್ರಕ್ಕೆ ಎಲ್ಲರ ಮಾಲೂ ಹೋಗುತ್ತಿರಲಿಲ್ಲ, ಅಲ್ಲಿ ಮಿತಿ ಇತ್ತು. ರೈತರು ರಸ್ತೆಗೆ ಇಳಿದರು. ಹೋರಾಟದ ಮುಂದೆ ನಿಲ್ಲಿ ಅಂತ ಸಾಹುಕಾರ್ರನ್ನೂ ಕೇಳಿದರು. ನಾವು ದಲಾಲರು, ಬೆಲೆ ಏರಿದರೆ ನಮ್ಮ ಕಮಿಷನ್ನೂ ಏರುತ್ತೆ, ನಿಂತಿದ್ದರೆ ನಷ್ಟ ಇರಲಿಲ್ಲ. ನಿಲ್ಲಲಿಲ್ಲ. ವರ್ತಕ ಮುಂದೆ ನಿಂತರೆ ಹೋರಾಟಕ್ಕೇ ಕೆಟ್ಟ ಹೆಸರು ಅಂದರು. ಸಾಹುಕಾರ್ರು ಹೆದರಿಕೊಂಡರು ಅಂತ ಊರಲ್ಲಿ ಕೆಲವರು ಆಡಿಕೊಂಡರು. ಹೆದರಿಕೆಯೂ ಸ್ವಲ್ಪ ಇತ್ತೇನೋ.

ಆದರೆ ಆಗ ನನ್ನಿಂದ ಒಂದು ಪಟ್ಟಿ ಮಾಡಿಸಿದರು. ಬಾಕಿ ಎಷ್ಟು ಅನ್ನೋದು ಹೇಗೂ ಪುಸ್ತಕದಲ್ಲಿತ್ತು. ಅವರು ಕೇಳಿದ್ದು ಯಾರ ಅಟ್ಟದಲ್ಲಿ ಇನ್ನೂ ಕಾಯಿ ಇದೆ ಅಂತ. ಹಮಾಲರನ್ನು, ಸುಲಿಯುವವರನ್ನು ವಿಚಾರಿಸಿ ಬರೆದೆ. ಅಟ್ಟ ತುಂಬಿರುವವರಿಗೆ ಒಂದು ಮಾತೂ ಆಡಬೇಡ ಅಂದರು. ಒತ್ತಾಯ ಮಾಡಿದರೆ ಅವರು ಬಿದ್ದ ಬೆಲೆಗೆ ಮಾರುತ್ತಾರೆ, ಅಷ್ಟು ಮಾರಿದರೂ ನಮ್ಮ ಬಾಕಿ ಪೂರ್ತಿ ತೀರಲ್ಲ, ಮುಂದಿನ ವರ್ಷ ಗೊಬ್ಬರಕ್ಕೆ ಮತ್ತೆ ನಮ್ಮ ಹತ್ತಿರವೇ ಬರುತ್ತಾರೆ. ಕರುಣೆ ಅಂತ ಯಾರೂ ತಿಳಿಯಬೇಡಿ, ಇದು ಪಕ್ಕಾ ವ್ಯಾಪಾರ. ಅಟ್ಟ ಖಾಲಿ ಇದ್ದವರನ್ನು ಮಾತ್ರ ಕರೆಸಿ, ಯಾವ ತಿಂಗಳು ಎಷ್ಟು ಅಂತ ಕೂತು ಬರೆಸಿದರು. ಇಬ್ಬರೋ ಮೂವರೋ ನಮ್ಮ ಬಾಕಿ ಹಾಗೇ ಬಿಟ್ಟು ಬೇರೆ ಮಂಡಿಗೆ ಮಾಲು ಹಾಕಿದರು. ಅವರ ಹಿಂದೆ ಬೀಳಲಿಲ್ಲ. ಅದು ನನಗೆ ಸರಿ ಅನಿಸಲಿಲ್ಲ, ಹೇಳಿದೆ, ಕೇಳಲಿಲ್ಲ. 2025ರಲ್ಲಿ ಬೆಲೆ 20,000 ದಾಟಿದಾಗ ಹೆಚ್ಚಿನ ಖಾತೆಗಳು ಚುಕ್ತಾ ಆದವು. ಆ ಇಬ್ಬರು ಮೂವರದು ಇವತ್ತಿಗೂ ಇಲ್ಲ.

ಈಗ ಸಾಹುಕಾರ್ರು ಇಲ್ಲ. ಮಗ ಬಿಕಾಂ ಓದಿದ್ದಾನೆ, ಚುರುಕು. ರೈತರಿಗೆ ದುಡ್ಡು ನೇರ ಬ್ಯಾಂಕಿಗೆ, ಟೆಂಡರ್ ಎಲ್ಲಾ ಆನ್‌ಲೈನು. ಜಾತ್ರೆ ಸಮಿತಿಗೆ ಅವನನ್ನೂ ಎಳೆದುಕೊಂಡಿದ್ದಾರೆ. ಮೊನ್ನೆ ಒಂದು ಪಾಲಿನ ಜಗಳ ಬಂತು. ಒಬ್ಬನ ಹೆಸರಲ್ಲಿ ನಮ್ಮ ಬಾಕಿ ಇತ್ತು. ನಾನು ಖಾತೆ ತೆಗೆದು ಮಗನ ಮುಂದೆ ಇಟ್ಟೆ. ನೋಡಿದ, ಮುಚ್ಚಿದ, ಪಂಚಾಯ್ತಿಗೆ ಕೂತೇ ಕೂತ. ಆಮೇಲೆ ಕೇಳಿದ್ದಕ್ಕೆ, "ಅಪ್ಪನ ಕಾಲ ಬೇರೆ ಅಣ್ಣ. ಈಗ ಇವರಿಗೆ ಸೊಸೈಟಿ ಇದೆ, ಸಂಘ ಇದೆ, ಚಿನ್ನದ ಸಾಲ ಇದೆ. ನಮ್ಮ ಮುಂಗಡಕ್ಕೆ ಹೆದರೋರು ಯಾರಿದ್ದಾರೆ?" ಅಂದ. ಅದೂ ಸುಳ್ಳಲ್ಲ. ಮುಂಗಡದ ಪುಸ್ತಕ ಮೊದಲಿನಷ್ಟು ದಪ್ಪ ಇಲ್ಲ. ಆದರೂ ಅವತ್ತು ಬಾಕಿ ಇದ್ದವನು ಹೇಳಿದ್ದಕ್ಕೆಲ್ಲಾ ತಲೆ ಆಡಿಸಿದ, ಬಾಕಿ ಇಲ್ಲದವನೊಬ್ಬನೇ ವಾದ ಮಾಡಿದ. ಇದನ್ನು ಮಗನಿಗೆ ಹೇಳಿದ್ದೇನೆ. ಯೋಚನೆ ಮಾಡ್ತೀನಿ ಅಂದಿದ್ದಾನೆ.