ಹೊರದೇಶದ ಸೇವೆಯಲ್ಲಿ ಮೈಕು ಮತ್ತು ಕ್ಯಾಮೆರಾ

ಮದುವೆಯ ವಿಡಿಯೊ ಮಾಡಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಹೊರದೇಶದ ಮಿಷನ್ ಸೇವೆಯಲ್ಲಿ ಏನು ಕೆಲಸ ಎಂದು ಹಾಸನದಲ್ಲಿ ನನ್ನನ್ನು ಕೇಳದವರು ಕಡಿಮೆ. ಮಿಷನರಿ ಎಂದರೆ ಬೋಧಕ, ಇಲ್ಲವೇ ವೈದ್ಯ, ಇಲ್ಲವೇ ಶಾಲೆ ನಡೆಸುವವ ಎಂಬುದು ನಮ್ಮ ಜನರ ತಿಳಿವಳಿಕೆ. ಮಿಷನ್ನಿನವರ ರೆಡ್‌ಫರ್ನ್ ಆಸ್ಪತ್ರೆಯನ್ನು ನೋಡುತ್ತ ಬೆಳೆದ ಊರಿನವರು ಹಾಗೆ ತಿಳಿದರೆ ತಪ್ಪೇನೂ ಇಲ್ಲ. ಆದರೆ ಈಚೆಗೆ ನಮ್ಮ ಚರ್ಚಿನ ಸಭೆಯ ಹುಡುಗರು ಕೇಳುವ ಪ್ರಶ್ನೆಯೇ ಬೇರೆ: "ಅಣ್ಣಾ, ಅಲ್ಲಿಗೆ ಹೋಗೋದಾದ್ರೆ ಯಾವ ಕ್ಯಾಮೆರಾ ತಗೊಳ್ಳಲಿ?" ಕ್ಯಾಮೆರಾದ ಮಾತು ಆಮೇಲೆ ಆಡೋಣ, ಮೊದಲು ಒಳ್ಳೆಯದೊಂದು ಮೈಕು ತೆಗೆದುಕೋ ಎಂದು ನಾನು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಆ ಉತ್ತರಕ್ಕೆ ಕಾರಣವೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೋಗಿದ್ದುದು ತಾಂಜಾನಿಯಾಕ್ಕೆ. ಕಿಲಿಮಂಜಾರೊ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ, ಮೋಶಿ ಪಟ್ಟಣದಿಂದ ಮೇಲಕ್ಕೆ ಹತ್ತಿದರೆ ಸಿಗುವ ಚಗ್ಗ ಜನರ ಊರುಗಳಿಗೆ. ಚಿಕ್ಕಮಗಳೂರಿನ ಕಡೆಯವರಿಗೆ ಆ ನೆಲ ಅಪರಿಚಿತವೆನಿಸದು. ಬಾಳೆಯ ನೆರಳಿನಲ್ಲಿ ಅರೇಬಿಕಾ ಕಾಫಿ, ತೋಟದ ನಡುವೆ ಮನೆ, ಮಂಜು, ಜಿಗಟು ಕೆಮ್ಮಣ್ಣು, ಎಲ್ಲವೂ ಇವೆ. ಆ ಬೆಟ್ಟಕ್ಕೆ ಕಾಫಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಿಲೆಮಾದ ಕ್ಯಾಥೊಲಿಕ್ ಮಿಷನ್ನಿನ ಮೂಲಕ ಎಂದು ಅಲ್ಲಿಯವರು ಹೇಳುತ್ತಾರೆ. ಬಾಬಾಬುಡನ್ ಗಿರಿಯ ಏಳು ಬೀಜಗಳ ಕಥೆಯನ್ನು ನಾನು ಅವರಿಗೆ ಹೇಳಿದಾಗ, ಗುರುಗಳೊಬ್ಬರು ಕಳ್ಳತನದಲ್ಲಿ ಬೀಜ ತಂದರೆಂಬುದೇ ಅವರಿಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿಯಾಯಿತು.

ಆ ಬೆಟ್ಟಕ್ಕೂ ನಮ್ಮ ಕನ್ನಡಕ್ಕೂ ಒಂದು ಹಳೆಯ ನಂಟಿದೆ. 1848ರ ಮೇ 11ರಂದು ಕಿಲಿಮಂಜಾರೊದ ಹಿಮವನ್ನು ಕಂಡು ವರದಿ ಮಾಡಿದ ಯೋಹಾನೆಸ್ ರೆಬ್ಮಾನ್ ಎಂಬ ಮಿಷನರಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಷನ್ ಶಾಲೆಯಲ್ಲಿ ತರಬೇತಿ ಪಡೆದವನು. ನಮ್ಮ ಹೆರ್ಮನ್ ಮೋಗ್ಲಿಂಗ್ ಮತ್ತು ಫರ್ಡಿನೆಂಡ್ ಕಿಟ್ಟೆಲ್ ಹೊರಟು ಬಂದದ್ದೂ ಅಲ್ಲಿಂದಲೇ. ಭೂಮಧ್ಯರೇಖೆಗೆ ಅಷ್ಟು ಹತ್ತಿರದಲ್ಲಿ ಹಿಮವಿದೆ ಎಂದು ರೆಬ್ಮಾನ್ ಬರೆದು ಕಳಿಸಿದ್ದು 1849ರಲ್ಲಿ ಲಂಡನ್ನಿನ ಮಿಷನ್ ಪತ್ರಿಕೆಯಲ್ಲಿ ಅಚ್ಚಾಯಿತು. ವಿಲಿಯಂ ಕೂಲಿ ಎಂಬ ಭೂಗೋಳ ಪಂಡಿತ, ಆಫ್ರಿಕಾಕ್ಕೆ ಕಾಲಿಡದೆಯೇ, ಅದೆಲ್ಲ ಭ್ರಮೆ ಎಂದು ತಳ್ಳಿಹಾಕಿದ. ಚಗ್ಗ ಜನ ದಿನ ಬೆಳಗಾದರೆ ಕಾಣುತ್ತಿದ್ದ ಹಿಮಕ್ಕೆ ಲಂಡನ್ನಿನ ಒಪ್ಪಿಗೆ ಸಿಗಲು ವರ್ಷಗಳು ಹಿಡಿದವು. ನಾನು ಕಂಡಂತೆ ಮಿಷನ್ ಮಾಧ್ಯಮದ ಒಂದು ಹಳೆಯ ಹೊರೆ ಇದೇ: ದೂರದಲ್ಲಿ ಕಂಡದ್ದನ್ನು ತಮ್ಮ ದೇಶದವರಿಗೆ ನಂಬಿಸುವುದು. ಆಮೇಲಿನ ಮಿಷನ್ ಸಭೆಗಳ ಮ್ಯಾಜಿಕ್ ಲ್ಯಾಂಟರ್ನ್ (ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಿಂದ ಪರದೆಗೆ ಬೀಳಿಸುವ ಯಂತ್ರ) ಚಿತ್ರಗಳು, ವರದಿಯ ಫೋಟೊಗಳು, ಇಂದಿನ ಮೂರು ನಿಮಿಷದ ಕಾಣಿಕೆ ವಿಡಿಯೊಗಳು, ಎಲ್ಲವೂ ಬಹುಮಟ್ಟಿಗೆ ಈ ಹೊರೆಯನ್ನೇ ಹೊತ್ತಿವೆ.

ಮೋಗ್ಲಿಂಗ್ ಮಂಗಳೂರಿನಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. 1843ರ ಜುಲೈ 1ರಂದು ಆತ ಕಲ್ಲಚ್ಚಿನಲ್ಲಿ ಹೊರತಂದ ಮಂಗಳೂರ ಸಮಾಚಾರ ಬಾಸೆಲ್‌ನ ದಾನಿಗಳಿಗೆಂದು ಹುಟ್ಟಿದ್ದಲ್ಲ. ಊರಿನ ವರ್ತಮಾನ, ಸರ್ಕಾರದ ಕಾನೂನು, ಪರರಾಜ್ಯದ ಸುದ್ದಿ, ದಾಸರ ಪದ ಎಲ್ಲವೂ ಅದರಲ್ಲಿ ಊರಿನವರ ಭಾಷೆಯಲ್ಲಿ, ಊರಿನವರಿಗಾಗಿಯೇ ಬಂದವು. ಪಾದ್ರಿಯೊಬ್ಬ ಪುರಂದರದಾಸರ ಪದವನ್ನು ಅಚ್ಚು ಹಾಕಿದ್ದು ಅವನ ಮೇಲಿನವರಿಗೆ ಎಷ್ಟು ಹಿಡಿಸಿತೋ, ನನಗಂತೂ ಆ ತೀರ್ಮಾನ ಬಹಳ ದೊಡ್ಡದೆನಿಸುತ್ತದೆ. ಒಂದು ಕಾಲಕ್ಕೆ ಮಿಷನ್ನಿನ ಕ್ಯಾಮೆರಾದ ಎದುರು ನಿಂತವರು ನಾವೇ. ಬಾಸೆಲ್ ಮಿಷನ್ನಿನ ಹಳೆಯ ಫೋಟೊಗಳನ್ನು ತಿರುವಿದರೆ ನಮ್ಮ ಸೀಮೆಯ ಎಷ್ಟೋ ಮುಖಗಳ ಕೆಳಗೆ ಜಾತಿ ಅಥವಾ ಕಸುಬು ಬರೆದಿರುತ್ತದೆ, ಹೆಸರು ಇರುವುದಿಲ್ಲ. ಆ ಚಿತ್ರಗಳು ಯಾರಿಗಾಗಿ ತೆಗೆದವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅಲ್ಲಿನ ಲುಥೆರನ್ ಸಭೆಯವರು ನನ್ನನ್ನು ಕರೆಸಿಕೊಂಡದ್ದು ಮುಖ್ಯವಾಗಿ ಧ್ವನಿಮುದ್ರಣಕ್ಕೆ. ಶಾಲೆ, ಕಚೇರಿ, ಪೇಟೆಗಳಲ್ಲೆಲ್ಲ ಸ್ವಾಹಿಲಿ ನಡೆಯುತ್ತದೆ. ಆದರೆ ವಯಸ್ಸಾದವರು ಮನೆಯಲ್ಲಿ ಆಡುವುದು ಚಗ್ಗ, ಅದೂ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಬೇರೆಯಾಗುವ ಚಗ್ಗ. ಓದಲು ಬಾರದ, ಬಂದರೂ ಕಣ್ಣು ಮಂಜಾದ ಹಿರಿಯರಿಗಾಗಿ ಬೈಬಲಿನ ಲೂಕನ ಸುವಾರ್ತೆಯ ಕಥೆಗಳನ್ನು ಅವರ ಮಾತಿನಲ್ಲೇ ಮುದ್ರಿಸಿ, ಮೆಮೊರಿ ಕಾರ್ಡಿಗೆ ಹಾಕಿ, ಮನೆಮನೆಗೆ ತಲುಪಿಸುವುದು ಅವರ ಯೋಜನೆ. ಈ ಬಗೆಯ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಹೊಂಡುರಾಸ್‌ನಲ್ಲಿ ಸೇವೆಯಲ್ಲಿದ್ದು, ಕಾಯಿಲೆಯಿಂದ ಅಮೆರಿಕಕ್ಕೆ ಮರಳಬೇಕಾಗಿ ಬಂದ ಜಾಯ್ ರಿಡರ್‌ಹಾಫ್ ಎಂಬ ಮಹಿಳೆ, ತಾನು ಬಿಟ್ಟುಬಂದ ಜನರಿಗಾಗಿ ಲಾಸ್ ಏಂಜಲೀಸ್‌ನಲ್ಲಿ 1939ರಲ್ಲಿ ಸ್ಪ್ಯಾನಿಷ್ ಗ್ರಾಮಫೋನ್ ರೆಕಾರ್ಡುಗಳನ್ನು ಮಾಡಿ ಕಳಿಸತೊಡಗಿದರು. ಆ ಕೆಲಸ ಮುಂದೆ ಸಾವಿರಾರು ಭಾಷೆಗಳಿಗೆ ಹಬ್ಬಿತು. ವಿದ್ಯುತ್ತಿಲ್ಲದ ಊರುಗಳಿಗೆಂದು ಕೈಯಿಂದ ತಿರುಗಿಸುವ ಪ್ಲೇಯರುಗಳೂ ಬಂದವು. 1979ರಲ್ಲಿ ಲೂಕನ ಸುವಾರ್ತೆಯನ್ನೇ ಆಧರಿಸಿ ತಯಾರಾದ ಚಲನಚಿತ್ರವೊಂದು ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಅಲ್ಲಿಯೂ ದೃಶ್ಯ ಎಲ್ಲರಿಗೂ ಒಂದೇ. ಪ್ರತಿ ಊರಿಗೂ ಹೊಸದಾಗಿ ಮಾಡಬೇಕಾದದ್ದು ದನಿಯೇ.

ನಮ್ಮ ಮುದ್ರಣಕ್ಕೆ ಮೊದಲ ಶತ್ರು ಸಭಾಮಂದಿರದ ತಗಡಿನ ಚಾವಣಿ. ಬಿಸಿಲೇರಿದರೆ ಅದು ಟಕಟಕ ಎನ್ನುತ್ತದೆ, ಮಳೆ ಬಂದರೆ ಕೆಲಸ ನಿಂತಂತೆಯೇ. ಹೀಗಾಗಿ ಬಾಳೆತೋಟದ ಪಕ್ಕದ ಉಗ್ರಾಣವೊಂದರಲ್ಲಿ ಹಗ್ಗ ಕಟ್ಟಿ, ಮೂರು ಕಡೆ ದಪ್ಪ ಕಂಬಳಿ ಇಳಿಬಿಟ್ಟು, ನೆಲಕ್ಕೆ ಒಣ ಬಾಳೆಲೆ ಹಾಸಿ, ಅದರ ಮೇಲೆ ಚಾಪೆ ಹರಡಿದೆವು. ಲಕ್ಷ ರೂಪಾಯಿಯ ಸ್ಟುಡಿಯೊದಲ್ಲಿ ಸಿಗುವ ಮೌನಕ್ಕೆ ಅದು ಸಮವಲ್ಲ, ಆದರೆ ಬಹಳ ಹತ್ತಿರ. ಕಥೆ ಹೇಳಲು ಸಭೆಯವರು ಆರಿಸಿದ್ದು ಒಬ್ಬ ಅಜ್ಜಿಯನ್ನು. ಎಲ್ಲರೂ ಅವರನ್ನು ಬೀಬಿ (ಸ್ವಾಹಿಲಿಯಲ್ಲಿ ಅಜ್ಜಿ) ಎಂದೇ ಕರೆಯುತ್ತಿದ್ದರು, ಕಿರಿಯರು ಎದುರಾದಾಗಲೆಲ್ಲ "ಶಿಕಮೋ" ಎಂದು ತಲೆ ಬಾಗಿದರೆ ಆಕೆ "ಮರಹಬಾ" ಎಂದು ಹರಸಿ ಮುಂದೆ ಸಾಗುತ್ತಿದ್ದರು. ಮುದ್ರಣದ ದಿನ ಆಕೆ ಇಸ್ತ್ರಿ ಮಾಡಿದ ಹೊಸ ಕಾಂಗಾ ಬಟ್ಟೆ ಉಟ್ಟು ಬಂದರು. ಇದು ಬರೀ ಧ್ವನಿ ಬೀಬಿ, ಕ್ಯಾಮೆರಾ ಇಲ್ಲ ಎಂದು ಸಭೆಯ ಹುಡುಗ ಹೇಳಿದ್ದಕ್ಕೆ, "ಹಳೇ ಬಟ್ಟೆ ಉಟ್ಟು ಹೇಳಿದರೆ ಕೇಳುವವರಿಗೆ ಗೊತ್ತಾಗುತ್ತೆ" ಎಂದರು. ಕೂತು ಹೇಳಲೂ ಒಪ್ಪಲಿಲ್ಲ. ಮೈಕಿನ ಕಂಬವನ್ನು ಅವರ ಎತ್ತರಕ್ಕೆ ಏರಿಸಿ, ಬಾಯಿಗೆ ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ನಿಲ್ಲಿಸಿದೆ; ನೇರ ಇಟ್ಟರೆ ಉಸಿರು ಬಡಿಯುತ್ತದೆ.

ಓದಲು ಬಾರದವರಿಂದ ಹೇಳಿಸುವ ಕ್ರಮ ಹೀಗೆ: ಪಕ್ಕದಲ್ಲಿ ನಿಂತ ಯುವಕ ಒಂದೊಂದು ವಾಕ್ಯವನ್ನು ಮೆಲ್ಲಗೆ ಹೇಳಿಕೊಡುತ್ತಾನೆ, ಅವರು ಅದನ್ನು ತಮ್ಮ ದನಿಯಲ್ಲಿ ಹೇಳುತ್ತಾರೆ, ಆಮೇಲೆ ಹೇಳಿಕೊಟ್ಟ ದನಿಯನ್ನೆಲ್ಲ ಸಂಕಲನದಲ್ಲಿ ಕತ್ತರಿಸಿ ತೆಗೆಯಬೇಕು. ಪ್ರತಿ ಕಥೆಯ ಕೊನೆಗೆ ಯಾರೂ ಮಾತನಾಡದೆ ಅರ್ಧ ನಿಮಿಷ ಆ ಕೋಣೆಯ ಬರಿದಾದ ಸದ್ದನ್ನೂ ಮುದ್ರಿಸಿಕೊಳ್ಳಬೇಕು, ಕತ್ತರಿಸಿದ ಜಾಗಗಳಿಗೆ ತುಂಬಲು ಅದು ಬೇಕೇ ಬೇಕು. ಕಳೆದುಹೋದ ಬೆಳ್ಳಿ ನಾಣ್ಯವನ್ನು ಹೆಂಗಸೊಬ್ಬಳು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಕಥೆಯನ್ನು ಬೀಬಿ ಎರಡೇ ವಾಕ್ಯ ಹೇಳಿಸಿಕೊಂಡರು. ಆಮೇಲೆ ಯುವಕನಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ಉಳಿದದ್ದನ್ನು ಒಂದೇ ಉಸಿರಿಗೆ ತಾವೇ ಹೇಳಿ ಮುಗಿಸಿದರು. ಅದೇ ಮುದ್ರಣವೇ ಕೊನೆಗೆ ಉಳಿಯಿತು. ಆದರೂ ಯಾವ ಮುದ್ರಣವೂ ಪರೀಕ್ಷೆಯಾಗದೆ ಹೊರಗೆ ಹೋಗುವಂತಿಲ್ಲ. ಕಥೆಯನ್ನು ಹಿಂದೆಂದೂ ಕೇಳಿರದ ಒಬ್ಬರಿಗೆ ಕೇಳಿಸಿ, ಅವರಿಂದ ಮತ್ತೆ ಹೇಳಿಸಿ, ಏನಾದರೂ ತಪ್ಪಿದೆಯೇ, ಇಲ್ಲದ್ದು ಸೇರಿದೆಯೇ ಎಂದು ಸಭೆಯ ಹಿರಿಯರು ನೋಡುತ್ತಾರೆ. ಈ ಹಂತದಲ್ಲಿ ನನ್ನಂಥ ಹೊರಗಿನವನು ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಮೂಲ ಮುದ್ರಣ ಒಳ್ಳೆಯ ಗುಣಮಟ್ಟದಲ್ಲಿ, ಎಂದರೆ 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿರಲಿ. ಹಂಚುವ ಪ್ರತಿಯನ್ನು ಮಾತ್ರ 64 ಕೆಬಿಪಿಎಸ್ ಮೊನೊ ಎಂಪಿ3ಗೆ ಇಳಿಸಿದರೆ ಸಾಕು. ಆಗ ಒಂದು ಗಂಟೆಯ ಧ್ವನಿ ಸುಮಾರು 29 ಎಂಬಿ ಆಗುತ್ತದೆ, ಹಳೆಯ ಕೀಪ್ಯಾಡ್ ಫೋನಿನ ಸಣ್ಣ ಕಾರ್ಡಿನಲ್ಲೂ ಹತ್ತಾರು ಗಂಟೆಗಳ ಕಥೆ ಹಿಡಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಒಂದು ಫೋನಿನಿಂದ ಇನ್ನೊಂದಕ್ಕೆ ಬ್ಲೂಟೂತ್‌ನಲ್ಲಿ ದಾಟಿಸಿಕೊಳ್ಳುತ್ತಾರೆ. 4ಕೆ ವಿಡಿಯೊಗೆ ಆ ಭಾಗ್ಯವಿಲ್ಲ.

ಚಿತ್ರವೇ ಬೇಡ ಎಂಬುದು ನನ್ನ ವಾದವಲ್ಲ. ಬೆಂಬಲಿಗರ ಕಡೆಯಿಂದ ಒಮ್ಮೆ ನನಗೊಂದು ಸಂದೇಶ ಬಂದಿತ್ತು: ಕಾಣಿಕೆಯ ಭಾನುವಾರಕ್ಕೆ ಹರಕು ಬಟ್ಟೆಯ ಮಗುವಿನ ಒಂದು ಫೋಟೊ ಕಳಿಸಿ, ನಗುತ್ತಿರುವುದು ಬೇಡ. ಆ ಊರಿನ ಮಕ್ಕಳು ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೋಗುವವರು. ಹರಕು ಬಟ್ಟೆಯವರನ್ನು ನಾನು ಹುಡುಕಿಕೊಂಡು ಹೋಗಬೇಕಿತ್ತು. ನಾನು ಕಳಿಸಲಿಲ್ಲ. ಆದರೆ ನೋವಿನ ಚಿತ್ರ ತೆಗೆಯುವುದೇ ತಪ್ಪು ಎಂದು ಸಾಧಿಸುವವರಿಗೆ ನಾನು ಆಲಿಸ್ ಸೀಲಿ ಹ್ಯಾರಿಸ್‌ರ ಹೆಸರು ಹೇಳುತ್ತೇನೆ. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್‌ನ ಸ್ವಂತ ಸೊತ್ತಾಗಿದ್ದ ಕಾಂಗೊದ ಬರಿಂಗ ಎಂಬಲ್ಲಿ ಆಕೆ ಮಿಷನರಿಯಾಗಿದ್ದರು. 1904ರಲ್ಲಿ ನ್ಸಾಲ ಎಂಬಾತ, ರಬ್ಬರ್ ಕಂಪನಿಯ ಕಾವಲುಗಾರರು ಕೊಂದ ತನ್ನ ಮಗಳ ಕತ್ತರಿಸಿದ ಕೈ ಮತ್ತು ಪಾದವನ್ನು ಎಲೆಯಲ್ಲಿ ಸುತ್ತಿಕೊಂಡು ಅವರ ಮನೆಯ ಜಗುಲಿಗೆ ಬಂದ. ಜಗುಲಿಯ ಅಂಚಿನಲ್ಲಿ ಕೂತು ಅದನ್ನು ನೋಡುತ್ತಿರುವ ತಂದೆಯ ಚಿತ್ರವನ್ನು ಹ್ಯಾರಿಸ್ ತೆಗೆದರು. ಅಂಥ ಚಿತ್ರಗಳ ಲ್ಯಾಂಟರ್ನ್ ಪ್ರದರ್ಶನಗಳು ಬ್ರಿಟನ್ ಮತ್ತು ಅಮೆರಿಕದ ಸಭೆಗಳಲ್ಲಿ ನಡೆದವು. ಎಲ್ಲ ಕಡೆಯ ಒತ್ತಡ ಸೇರಿ 1908ರಲ್ಲಿ ಲಿಯೊಪೋಲ್ಡ್ ಕಾಂಗೊವನ್ನು ಬಿಟ್ಟುಕೊಡಬೇಕಾಯಿತು. ಅದೂ ತಾಯ್ನಾಡಿಗೆ ಕಳಿಸಿದ ಚಿತ್ರವೇ. ವ್ಯತ್ಯಾಸವಿಷ್ಟೆ: ಸಾಕ್ಷಿ ಹೊತ್ತು ಬಾಗಿಲಿಗೆ ಬಂದವನು ನ್ಸಾಲ, ಕ್ಯಾಮೆರಾ ಅವನನ್ನು ಹುಡುಕಿಕೊಂಡು ಹೋಗಿರಲಿಲ್ಲ, ಅವನ ಹೆಸರೂ ಮಗಳ ಹೆಸರೂ ಆ ಚಿತ್ರದೊಂದಿಗೆ ಇಂದಿಗೂ ಉಳಿದಿವೆ.

ಹೀಗಾಗಿ ಮುಖ ಕಾಣುವ ಚಿತ್ರಕ್ಕೆ ನಾನು ಇಟ್ಟುಕೊಂಡಿರುವ ಕ್ರಮ ಸರಳ. ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಅವರ ಭಾಷೆ ಬಲ್ಲವರಿಂದ ಹೇಳಿಸಿ, ಒಪ್ಪಿದರೆ ಅವರ ಬಾಯಿಂದಲೇ ಹೆಸರು ಹೇಳಿಸಿ ಮುದ್ರಿಸಿಕೊಳ್ಳುತ್ತೇನೆ, ಸಿದ್ಧವಾದದ್ದನ್ನು ಮೊದಲು ಅವರಿಗೇ ತೋರಿಸುತ್ತೇನೆ. ನಂಬಿಕೆಯ ಕಾರಣಕ್ಕೆ ತೊಂದರೆಯಾಗುವಂಥ ದೇಶಗಳಲ್ಲಿ ಮಾತ್ರ ಇದು ತಲೆಕೆಳಗಾಗುತ್ತದೆ. ಅಲ್ಲಿ ಹೆಸರೂ ಬೇಡ, ಮುಖವೂ ಬೇಡ, ಫೋನಿನ ಫೋಟೊದೊಳಗೆ ತಾನಾಗಿಯೇ ಅಡಗಿ ಕೂರುವ ಜಿಪಿಎಸ್ ಮಾಹಿತಿಯನ್ನೂ ಅಳಿಸಿಯೇ ಕಳಿಸಬೇಕು.

ಸಾಮಾನು ಸರಂಜಾಮಿನ ವಿಷಯ ಬೇಗ ಮುಗಿಸುತ್ತೇನೆ. ಹೊರಡುವ ಮುನ್ನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಲಕರಣೆಗಳ ಸೀರಿಯಲ್ ನಂಬರು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದುಕೊಂಡರೆ, ಮರಳುವಾಗ ಅವಕ್ಕೆ ಸುಂಕದ ತಕರಾರು ಬರುವುದಿಲ್ಲ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 100ರಿಂದ 160 ವ್ಯಾಟ್-ಅವರ್‌ವರೆಗಿನವಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಸೇವೆ ಮಾಡುವ ಉಪಾಯ ಯಾರು ಹೇಳಿಕೊಟ್ಟರೂ ಕೇಳಬೇಡಿ. ತಾಂಜಾನಿಯಾದಲ್ಲಿ ಮಿಷನರಿಗಳಿಗೆ, ಸ್ವಯಂಸೇವಕರಿಗೆ 'ಸಿ' ದರ್ಜೆಯ ನಿವಾಸ ಪರವಾನಗಿ ಇದೆ. ಡ್ರೋನ್ ಮನೆಯಲ್ಲಿಯೇ ಇರಲಿ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಮೇಲೆ ಅದನ್ನು ಹಾರಿಸಿ ಪ್ರೀ-ವೆಡ್ಡಿಂಗ್ ಮಾಡಿದ ಅಭ್ಯಾಸ ಅಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಕಲೆಯನ್ನು ನಾವು ಹೊತ್ತೊಯ್ಯುತ್ತಿದ್ದೇವೆ ಎಂಬ ಎಣಿಕೆಯನ್ನೂ ಇಲ್ಲಿಯೇ ಇಳಿಸಿಟ್ಟು ಹೋಗುವುದು ಒಳ್ಳೆಯದು. ತಾಂಜಾನಿಯಾದ ಪ್ರತಿ ಸಭೆಯಲ್ಲೂ ಗಾಯನವೃಂದ ಎಂದರೆ ಪ್ರತಿಷ್ಠೆಯ ವಿಷಯ. ಒಂದೇ ಬಣ್ಣದ ಉಡುಪಿನಲ್ಲಿ ಸಾಲಾಗಿ ನಿಂತು, ಹೆಜ್ಜೆ ಹಾಕುತ್ತ ಹಾಡುವ ವಿಡಿಯೊಗಳನ್ನು ಅವರು ನಾವು ಹೋಗುವ ಮೊದಲೇ ಮಾಡುತ್ತಿದ್ದರು. ನಾನಿದ್ದ ಸಭೆಯ ಹಾಡಿನ ಸಂಕಲನಕ್ಕೆ ಕೂತಾಗ, ಮದುವೆ ಮನೆಯ ರೂಢಿಯಂತೆ ಮುಖಗಳ ಸಮೀಪದ ಚಿತ್ರಗಳನ್ನು ಮುಂದಿಟ್ಟೆ. ವೃಂದದ ಮುಖಂಡ ಪೂರ್ತಿ ಸಾಲು, ಕಾಲಿನ ಸಮೇತ, ಹಾಡಿನ ಉದ್ದಕ್ಕೂ ಕಾಣಬೇಕು ಎಂದರು. ಒಬ್ಬರ ಮುಖ ದೊಡ್ಡದಾಗಿ ಕಂಡರೆ ಮಿಕ್ಕವರು ಏನು ತಿಳಿದುಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ಅವರು ಹೇಳಿದಂತೆಯೇ ಮಾಡಿದೆವು. ಅವರ ಊರಿನಲ್ಲಿ ಅದು ಓಡಿತು.

ಆ ಸಂಕಲನದಲ್ಲಿ ಪಕ್ಕದಲ್ಲಿ ಕೂತು ಕಲಿತವನು ಬೀಬಿಗೆ ವಾಕ್ಯ ಹೇಳಿಕೊಡುತ್ತಿದ್ದ ಅದೇ ಯುವಕ. ತಿಂಗಳು ತಿಂಗಳು ಡಾಲರಿನಲ್ಲಿ ಬಾಡಿಗೆ ಕಟ್ಟುವ ಸಾಫ್ಟ್‌ವೇರನ್ನು ಅವನಿಗೆ ಕಲಿಸಿದರೆ ನಾನು ಮರಳಿದ ಮರುತಿಂಗಳೇ ಕೆಲಸ ನಿಲ್ಲುತ್ತಿತ್ತು. ಅದಕ್ಕೆಂದೇ ಧ್ವನಿಗೆ ಆಡಾಸಿಟಿ, ಚಿತ್ರಕ್ಕೆ ಕೆಡೆನ್‌ಲೈವ್, ಎರಡೂ ಉಚಿತವಾದವು, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುವಂಥವು. ರೆಕಾರ್ಡರು, ಮೈಕು, ಕಂಬ ಅಲ್ಲಿಯೇ ಉಳಿದವು. ಮೂಲ ಮುದ್ರಣಗಳ ಎರಡು ಪ್ರತಿಗಳಲ್ಲಿ ಒಂದು ಸಭೆಯ ಕಪಾಟಿನಲ್ಲಿದೆ, ಇನ್ನೊಂದು ಅವನ ಮನೆಯಲ್ಲಿದೆ. ನನ್ನ ಬಳಿ ಯಾವುದೂ ಇಲ್ಲ. ಈಗ ಅವನು ಪಕ್ಕದ ಕಣಿವೆಯ ಮಾತಿನಲ್ಲಿ ಅವೇ ಕಥೆಗಳನ್ನು ಮುದ್ರಿಸಲು ಹೊರಟಿದ್ದಾನೆ. ಅಲ್ಲಿ ಕಥೆ ಹೇಳುವವರು ಯಾರೆಂಬುದನ್ನು ಆ ಸಭೆಯವರು ಇನ್ನೂ ತೀರ್ಮಾನಿಸಬೇಕಿದೆ.